ಕಷ್ಟದ ಜ್ಯೇಷ್ಠತಾ ಪಟ್ಟಿ

ನಮ್ಮ ಸೊಸೈಟಿಯ ಜನ ಒಂದು ವಿಷಯಕ್ಕೆ ಒಮ್ಮತದಿಂದ ಕೂತದ್ದನ್ನು ನಾನು ಕಂಡದ್ದು ಒಂದೇ ಸಲ. ಲಿಫ್ಟ್ ಕೆಟ್ಟರೆ ನೆಲಮಹಡಿಯವರು ಮೀಟಿಂಗಿಗೆ ಬರುವುದಿಲ್ಲ. ಮೋಟಾರು ಸುಟ್ಟುಹೋದರೆ ಸ್ವಂತ ಟ್ಯಾಂಕ್ ಇಟ್ಟುಕೊಂಡವರು ಬರುವುದಿಲ್ಲ. ಆದರೆ ಕಾಂಪೌಂಡಿನ ಆಚೆ ಇರುವ ಗಾಡಿಯಾ ಲೋಹಾರರಿಗೆ ಅಲ್ಲೇ ಜಾಗ ಕೊಡುತ್ತಾರಂತೆ ಎಂಬ ಸುದ್ದಿ ಬಂದ ಭಾನುವಾರ ದಿಲ್ಲಿಯ ನಮ್ಮ ಮಯೂರ್ ವಿಹಾರದ ಕಮ್ಯೂನಿಟಿ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮಂಡಿನೋವೆಂದು ವರ್ಷವಿಡೀ ಕೆಳಗಿಳಿಯದ ಮೂರನೇ ಮಹಡಿಯ ದಂಪತಿಗಳೂ ಬಂದಿದ್ದರು. ದ್ವೇಷಕ್ಕೆ ಮಂಡಿನೋವು ಅಡ್ಡಿ ಬರುವುದಿಲ್ಲವೆಂದು ಅಂದು ತಿಳಿಯಿತು.

ಗಾಡಿಯಾ ಲೋಹಾರರು ರಾಜಸ್ಥಾನದ ಕಡೆಯ ಕಮ್ಮಾರರು. ಒಂದು ಕಾಲಕ್ಕೆ ಎತ್ತಿನ ಗಾಡಿಯಲ್ಲಿ ಸಂಸಾರ ಹೇರಿಕೊಂಡು ಊರೂರು ತಿರುಗಿ ಕಬ್ಬಿಣದ ಕೆಲಸ ಮಾಡುತ್ತಿದ್ದವರು. ಸರ್ಕಾರದ ಕಾಗದಗಳಲ್ಲಿ ಇಂದಿಗೂ ಅವರು ‘ಘುಮಂತು’, ಅಂದರೆ ಅಲೆಮಾರಿಗಳು. ನಮ್ಮ ಗೋಡೆಯಾಚೆಗೆ, ದೊಡ್ಡ ನಾಲೆಯ ಪಕ್ಕದ ನೆಲದ ಪಟ್ಟಿಯಲ್ಲಿ ಹನ್ನೆರಡು ಕುಟುಂಬಗಳಿದ್ದವು. ಎತ್ತುಗಳು ಯಾವಾಗಲೋ ಹೋಗಿದ್ದವು. ಹಿತ್ತಾಳೆಯ ಹೂ ಬಡಿದ ಗಾಡಿಗಳ ಚಕ್ರ ಅರ್ಧ ಮಣ್ಣಿನಲ್ಲಿ ಹೂತು, ಅದರ ಸುತ್ತ ಟಾರ್ಪಾಲಿನ ಗುಡಿಸಲುಗಳು ಎದ್ದಿದ್ದವು. ಕಾವಲಿ, ಇಕ್ಕಳ, ಸೌಟು, ಕೊಡಲಿ ಮಾಡಿ ರಸ್ತೆ ಬದಿಗೆ ಹರಡುತ್ತಿದ್ದರು. ಇಡೀ ಬಡಾವಣೆಯ ಚಪಾತಿ ಬೇಯುತ್ತಿದ್ದದ್ದು ಅವರು ಬಡಿದ ತವಾಗಳ ಮೇಲೆಯೇ.

ಯೋಜನಾ ಪ್ರಾಧಿಕಾರದ ಕರಡು ಎರಡು ಪುಟದ್ದು. ಮೊದಲ ಪುಟದಲ್ಲಿ, ಆ ಪಟ್ಟಿಯಲ್ಲೇ ಲೋಹಾರ ಕುಟುಂಬಗಳಿಗೆ ಒಂದೊಂದು ಸಣ್ಣ ನಿವೇಶನ, ಕುಲುಮೆಗೆ ಒಂದು ಶೆಡ್ಡು ಕೊಡಬೇಕೆಂದಿದ್ದೇವೆ, ಆಕ್ಷೇಪಣೆ ಇದ್ದವರು ಒಂದೂವರೆ ತಿಂಗಳೊಳಗೆ ಸಲ್ಲಿಸಿ ಎಂದಿತ್ತು. ಎರಡನೇ ಪುಟದಲ್ಲಿ, ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಅಲ್ಲೇ ಇದ್ದೇವೆಂದು ರುಜುವಾತು ಕೊಟ್ಟವರಿಗೆ ಮಾತ್ರ ಆ ಜಾಗ, ಕೊಡಲಾಗದವರನ್ನು ದಿಲ್ಲಿಯ ಇನ್ನೊಂದು ಅಂಚಿನ ಬಯಲಿಗೆ ಕಳಿಸಲಾಗುವುದು ಎಂದಿತ್ತು. ಹಿಂದಿಯಲ್ಲಿದ್ದ ಆ ಎರಡೂ ಪುಟಗಳನ್ನು ಇಂಗ್ಲಿಷಿಗೆ ತಿರುಗಿಸಿದವಳು ನಾನೇ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಭಾಷಾಂತರಕಾರಳಾಗಿದ್ದೆ. ತುಮಕೂರಿನಿಂದ ಬಂದು ಆರ್.ಕೆ. ಪುರಂನ ಕ್ವಾರ್ಟರ್ಸಿನಲ್ಲಿದ್ದು, ಆಮೇಲೆ ಈ ಸೊಸೈಟಿಯ ಫ್ಲ್ಯಾಟು ಕೊಂಡವಳು. ಅಷ್ಟು ವರ್ಷ ಭಾಷಾಂತರ ಮಾಡಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ವಾಕ್ಯ ಅರ್ಥವಾಗುತ್ತದೆ, ವಿಷಯ ಅರ್ಥವಾಗುವುದಿಲ್ಲ.

ಎರಡನೇ ಪುಟವನ್ನು ನಾನು ತಿರುಗಿಸಿದೆ, ಬೇರೆ ಯಾರೂ ಓದಲಿಲ್ಲ. ನಮ್ಮ ಅಧ್ಯಕ್ಷರಿಗೆ ಮೊದಲ ಪುಟವೇ ಸಾಕಾಗಿತ್ತು. ಅವರು ಯಾವುದೋ ಮಂತ್ರಾಲಯದಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತರಾದವರು. ಕುರ್ಚಿ ಹೋದರೂ ಕೂರುವ ಭಂಗಿ ಹೋಗಿರಲಿಲ್ಲ. ನಾನು ಬಂದ ಹೊಸದರಲ್ಲಿ ನನ್ನನ್ನು ‘ವೋ ಮದ್ರಾಸಿ ಮೇಡಂ’ ಎನ್ನುತ್ತಿದ್ದರು. ಮದ್ರಾಸು ಬೇರೆ, ತುಮಕೂರು ಬೇರೆ ಎಂದು ಎರಡು ಸಲ ಹೇಳಿ ಮೂರನೇ ಸಲ ಬಿಟ್ಟುಬಿಟ್ಟೆ. ಈಗ ಕೆಲಸ ಬಿದ್ದಾಗ ನಾನು ‘ನಮ್ಮ ವಿದ್ವಾನ್ ಮೇಡಂ’ ಆದೆ. ಹೊಗಳಿದರೆ ಉಬ್ಬುವವರ ಜಾತಿ ನನ್ನದೂ. ವಕೀಲರ ಬಳಿ ಹೋಗಲು ಅವರೊಂದಿಗೆ ಹೊರಟೆ.

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಕಿರಿದಾದ ಚೇಂಬರು. ವಕೀಲರು ವಯಸ್ಸಾದವರು, ಭೂಮಿ ಮತ್ತು ಯೋಜನೆಯ ಕೇಸುಗಳಲ್ಲೇ ತಲೆ ನರೆತವರು. ಅಧ್ಯಕ್ಷರು ಹದಿನೈದು ನಿಮಿಷ ಭಾಷಣ ಮಾಡಿದರು. ಕೊಳಕು, ಸದ್ದು, ಹೊಗೆ, ಕಳ್ಳತನ, ಫ್ಲ್ಯಾಟಿನ ಬೆಲೆ, ಹೆಣ್ಣುಮಕ್ಕಳ ಸುರಕ್ಷತೆ, ಕೊನೆಗೆ ದೇಶದ ಭವಿಷ್ಯ. ವಕೀಲರು ಅಷ್ಟನ್ನೂ ಕೇಳಿ, ಹಿಂದಿಯಲ್ಲಿ ಮೆಲ್ಲಗೆ ಕೇಳಿದರು.

“ಇವರು ಅಲೆಮಾರಿಗಳು ಅಂತೀರಿ. ಹಾಗಿದ್ರೆ ನಾಳೆ ತಾವಾಗೇ ಹೋಗ್ತಾರಲ್ಲ, ಚಿಂತೆ ಯಾಕೆ?”

“ಹೋಗೋದೇ ಇಲ್ಲ ವಕೀಲ್ ಸಾಬ್! ಅದೇ ತೋ ಪ್ರಾಬ್ಲಮ್ಮು.”

“ಹೋಗೋದೇ ಇಲ್ಲ ಅಂದ್ಮೇಲೆ ಅಲೆಮಾರಿಗಳು ಹೇಗಾದ್ರು?”

ಅಧ್ಯಕ್ಷರು ಜೇಬಿನಲ್ಲಿ ಬಚ್ಚಿಟ್ಟಿದ್ದ ತಮ್ಮ ಅಸ್ತ್ರ ತೆಗೆದರು. “ನೋಡಿ, ಇವರ ಪೂರ್ವಜರು ಚಿತ್ತೋರಿನ ಕೋಟೆ ಮೊಘಲರ ಪಾಲಾದಾಗ ಶಪಥ ಮಾಡಿದ್ರಂತೆ, ಕೋಟೆ ಮರಳಿ ಸಿಗೋವರೆಗೂ ಸೂರಿನ ಕೆಳಗೆ ಮಲಗೋದಿಲ್ಲ ಅಂತ. ಈಗ ಸರ್ಕಾರ ಮನೆ ಕೊಟ್ರೆ ಅವರ ಧಾರ್ಮಿಕ ಭಾವನೆಗೇ ಧಕ್ಕೆ ಅಲ್ವಾ? ನಾವು ಅವರ ಪರವಾಗೇ ಹೇಳ್ತಿದ್ದೀವಿ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. “ಇದನ್ನ ಮಾತ್ರ ಬರೀಬೇಡಿ.”

ನಂತರ ಅವರು ಕೊಟ್ಟ ಸಲಹೆ ಸರಳವಾಗಿತ್ತು. ನಮಗೆ ಇಷ್ಟವಿಲ್ಲ ಎನ್ನುವುದು ಆಕ್ಷೇಪಣೆಯಲ್ಲ. ಯೋಜನೆಯ ಯಾವ ನಿಯಮ ಮುರಿಯುತ್ತದೆ ಹೇಳಿ, ರಸ್ತೆಯ ಅಗಲ ಸಾಲದೇ, ಬೆಂಕಿ ನಂದಿಸುವ ಗಾಡಿ ಬರಲು ದಾರಿಯಿಲ್ಲವೇ, ನಾಲೆಯಿಂದ ಬಿಡಬೇಕಾದ ಅಂತರವಿಲ್ಲವೇ ನೋಡಿ. ಯಾರಿಗೆ ಏನು ತೊಂದರೆ ಎಂಬುದು ಖಚಿತವಾಗಿರಲಿ. ಬರೆದದ್ದನ್ನು ಮೊದಲು ನನಗೆ ತೋರಿಸಿ, ಆಮೇಲೆ ಸಲ್ಲಿಸಿ. ನಾನು ಅಷ್ಟನ್ನೂ ಡೈರಿಯಲ್ಲಿ ಗುರುತು ಹಾಕಿಕೊಂಡೆ.

ಮೆಟ್ರೊದಲ್ಲಿ ಹಿಂದಿರುಗುವಾಗ ಅಧ್ಯಕ್ಷರು ಹಿರಿಯ ನಾಗರಿಕರ ಸೀಟಿನಲ್ಲಿ ಕೂತು ತೀರ್ಪು ಕೊಟ್ಟರು. “ಈ ಮನುಷ್ಯನಿಗೆ ಡ್ರಾಫ್ಟಿಂಗ್ ಬರೋದಿಲ್ಲ ಮೇಡಂ. ನಾನು ಪಾರ್ಲಿಮೆಂಟಿಗೆ ಮಂತ್ರಿಗಳ ಉತ್ತರ ಬರೆದವನು. ಇವನಿಗೆ ತೋರಿಸೋದೇನು? ಯಾರಿಗೆ ತೊಂದರೆ, ಏನು ತೊಂದರೆ ಅಂದ. ಎಂದಿನಿಂದ ಅಂತ ಕೇಳಲೇ ಇಲ್ಲ! ತಾರೀಖಿಲ್ಲದ ದೂರು ಒಂದು ದೂರೇ?”

ಹೀಗೆ ‘ಎಂದಿನಿಂದ’ ಎಂಬ ಮಾತು ಹುಟ್ಟಿತು. ಅದನ್ನು ಹೆತ್ತವರು ಅಧ್ಯಕ್ಷರು, ಬೆಳೆಸಿದ್ದು ನಮ್ಮ ಸೊಸೈಟಿ. ನಮ್ಮಲ್ಲಿ ಮುಕ್ಕಾಲು ಪಾಲು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಅವರ ಆಯುಷ್ಯವೆಲ್ಲ ಕಳೆದದ್ದು ಒಂದೇ ಜಗಳದಲ್ಲಿ: ಯಾರು ಯಾರಿಗಿಂತ ಸೀನಿಯರ್. ಬಡ್ತಿ, ಕ್ವಾರ್ಟರ್ಸು, ಕಿಟಕಿ ಪಕ್ಕದ ಮೇಜು ಎಲ್ಲವೂ ಜ್ಯೇಷ್ಠತಾ ಪಟ್ಟಿಯ ಪ್ರಕಾರವೇ ಸಿಗಬೇಕು. ನಿವೃತ್ತಿಯ ನಂತರ ಆ ಹಸಿವು ಹಾಗೇ ಉಳಿದಿತ್ತು, ತಿನ್ನಲು ಏನೂ ಇರಲಿಲ್ಲ. ಈಗ ಸಿಕ್ಕಿತು.

ಲೋಹಾರರಿಂದ ಯಾರು ಹೆಚ್ಚು ಕಾಲದಿಂದ ಕಷ್ಟಪಡುತ್ತಿದ್ದಾರೆ ಎಂಬುದರ ಮೇಲೆ ಆಕ್ಷೇಪಣೆಗೆ ಸಹಿ ಹಾಕುವವರ ಕ್ರಮಸಂಖ್ಯೆ ನಿರ್ಧಾರವಾಗಬೇಕೆಂದು ಗೊತ್ತುವಳಿ ಪಾಸಾಯಿತು. ಮೊದಲನೇ ನಂಬರು ತಮ್ಮದೆಂದು ಅಧ್ಯಕ್ಷರು ಇಪ್ಪತ್ತಾರು ವರ್ಷ ಬರೆದರು. ನೆಲಮಹಡಿಯ ನಿವೃತ್ತ ಪ್ರಿನ್ಸಿಪಾಲ್ ಮೇಡಂ ಇಪ್ಪತ್ತೇಳು ಎಂದರು. “ನೀವು ಮನೆಗೆ ಬಂದದ್ದೇ ಇಪ್ಪತ್ತೈದು ವರ್ಷದ ಹಿಂದೆ,” ಎಂದು ಅಧ್ಯಕ್ಷರು ಆಕ್ಷೇಪಿಸಿದರು. “ಮನೆಗೆ ಬಂದ ದಿನ ಯಾಕೆ ಲೆಕ್ಕ? ನಾನು ಪಾಯ ತೋಡೋವಾಗಲೇ ನೋಡೋಕೆ ಬಂದಿದ್ದೆ. ಅವತ್ತೇ ಆ ಗಾಡಿಗಳನ್ನ ನೋಡಿ ಮನಸ್ಸಿಗೆ ಕಷ್ಟವಾಗಿತ್ತು,” ಎಂದರು ಅವರು. ಇದಕ್ಕಾಗಿ ಒಂದು ಉಪಸಮಿತಿಯಾಯಿತು. ಎರಡು ಸಂಜೆ ಚರ್ಚಿಸಿ, ಫ್ಲ್ಯಾಟಿನ ಸ್ವಾಧೀನದ ದಿನವಲ್ಲ, ಸದಸ್ಯತ್ವದ ದಿನವೂ ಅಲ್ಲ, ಲೋಹಾರರನ್ನು ‘ಮೊದಲು ಕಂಡ ದಿನ’ವನ್ನೇ ಗಣಿಸಬೇಕೆಂದು ತೀರ್ಮಾನಿಸಿದರು. ಅಧ್ಯಕ್ಷರು ಮನೆಗೆ ಹೋಗಿ ಯೋಚಿಸಿ, ತಾವು ಇಪ್ಪತ್ತೆಂಟು ವರ್ಷದ ಹಿಂದೆ ಬರೀ ಖಾಲಿ ಜಾಗ ಇದ್ದಾಗಲೇ ಒಮ್ಮೆ ಬಂದು ಕಷ್ಟಪಟ್ಟಿದ್ದು ನೆನಪಾಯಿತೆಂದು ಮರುದಿನ ತಿದ್ದಿಸಿದರು.

ನಾಚಿಕೆ ಎಂಬುದು ಅರವತ್ತರ ನಂತರ ಪಿಂಚಣಿಯ ಜೊತೆಗೆ ಬರುವುದಿಲ್ಲವೆಂದು ಕಾಣುತ್ತದೆ. ಮೂವತ್ತನಾಲ್ಕು ಮನೆಯವರು ಅಫಿಡವಿಟ್ ಕೊಟ್ಟರು. ಒಬ್ಬೊಬ್ಬರದೂ ನೋಟರಿಯ ಮೊಹರು ಬಿದ್ದದ್ದು. ಕೊನೆಯ ನಂಬರಿನವರೂ ಇಪ್ಪತ್ತೊಂದು ವರ್ಷಕ್ಕಿಂತ ಕಡಿಮೆ ಕಷ್ಟ ಬರೆಯಲಿಲ್ಲ. ಬಾಡಿಗೆಗಿರುವ ಹುಡುಗರನ್ನು ಸೇರಿಸಲಿಲ್ಲ, ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆಯಿಂದ ಮನೆಗೆ ಅಲೆಯುವವರ ಮಾತಿಗೆ ತೂಕವಿಲ್ಲವಂತೆ. ಪ್ರಿನ್ಸಿಪಾಲ್ ಮೇಡಂ ಒಂದು ಹಳೆಯ ಫೋಟೊವನ್ನೂ ಲಗತ್ತಿಸಿದರು. ಸೊಸೈಟಿಯ ಮೊದಲ ಧ್ವಜಾರೋಹಣದ್ದು. ಧ್ವಜದ ಕಂಬದ ಹಿಂದೆ ಅದೇ ಗಾಡಿಗಳು, ಕಂಕುಳಲ್ಲಿ ಕೂಸು ಎತ್ತಿಕೊಂಡು ನಮ್ಮ ಧ್ವಜಕ್ಕೆ ಕೈಯೆತ್ತಿ ವಂದಿಸುತ್ತಿದ್ದ ಒಬ್ಬ ಹೆಂಗಸು.

ನಾನು? ನಾನು ಹನ್ನೊಂದನೇ ನಂಬರು. ಎಲ್ಲರ ಅಫಿಡವಿಟ್ಟುಗಳನ್ನು ಟೈಪು ಮಾಡಿಕೊಟ್ಟ ಮೇಲೆ “ನಿಮ್ಮದೆಲ್ಲಿ ಮೇಡಂ?” ಎಂದು ಅಧ್ಯಕ್ಷರು ಕೇಳಿದರು. ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಹಾಗೆಂದರೆ ನಾಳೆ ಲಿಫ್ಟಿನಲ್ಲಿ ಯಾರೂ ಮಾತಾಡಿಸುವುದಿಲ್ಲ, ಮತ್ತೆ ‘ವೋ ಮದ್ರಾಸಿ’ ಆಗುತ್ತೇನೆ ಎಂದು ಹೆದರಿದೆ. ಇಷ್ಟು ಸಣ್ಣ ಹೆದರಿಕೆಗೆ ಬರೆದೆ. ಕಷ್ಟವೇನೆಂದು ಬರೆಯುವುದೋ ತಿಳಿಯದೆ ‘ಸುತ್ತಿಗೆಯ ಸದ್ದಿನಿಂದ ನಿರಂತರ ತಲೆನೋವು’ ಎಂದು ಹಾಕಿದೆ.

ನಮ್ಮ ಆಕ್ಷೇಪಣೆಯ ಕಡತ ಪ್ರಾಧಿಕಾರದ ಕಚೇರಿ ಸೇರಿ, ಸ್ವೀಕರಿಸಿದ್ದೇವೆಂದು ಡೈರಿ ನಂಬರು ಬಿದ್ದ ಎರಡನೇ ದಿನ. ಬೆಳಗ್ಗೆ ಸಬ್ಜಿಯ ಭಯ್ಯಾನ ಹತ್ತಿರ ಸೊಪ್ಪು ತೆಗೆದುಕೊಂಡು ಗೇಟಿಗೆ ಬಂದಾಗ ಲೋಹಾರರ ಹೆಂಗಸೊಬ್ಬಳು ನನಗಾಗಿ ಕಾಯುತ್ತ ನಿಂತಿದ್ದಳು. ಅವರಲ್ಲಿ ನನಗೆ ಪರಿಚಯವಿದ್ದದ್ದು ಆಕೆಯೊಬ್ಬಳದೇ. ನನ್ನ ದೋಸೆ ಕಾವಲಿ ಆಕೆಯ ಕೈಯದು. ಊರಿಂದ ತಂದ ಈಳಿಗೆ ಮಣೆಯನ್ನು ಮೊದಲ ಸಲ ಒಯ್ದಾಗ ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರ ಮೇಲೆ ಕೂತ್ಕೊಂಡು ಹೆಚ್ತೀರಾ ದೀದಿ?” ಎಂದು ಹೊಟ್ಟೆ ಹಿಡಿದು ನಕ್ಕಿದ್ದಳು. ಆಮೇಲೆ ಪ್ರತಿ ದೀಪಾವಳಿಯ ಹಿಂದಿನ ವಾರ ಅದರ ತುರಿಯ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಉಜ್ಜಿ ಕೊಡುತ್ತಿದ್ದಳು. ನನ್ನ ಮಗಳು ಎಷ್ಟನೇ ಕ್ಲಾಸು ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದಳು.

ಆಕೆಯ ಕೈಯಲ್ಲಿ ಒಂದು ಫಾರಂ ಇತ್ತು. ರೇಷನ್ ಕಾರ್ಡು, ಹಳೆಯ ಚೀಟಿಗಳೆಲ್ಲ ತಗಡಿನ ಪೆಟ್ಟಿಗೆಯಲ್ಲಿದ್ದವಂತೆ. ಹೋದ ಮಳೆಗಾಲದಲ್ಲಿ ನಾಲೆಯ ನೀರು ನುಗ್ಗಿ ಎಲ್ಲ ಮುದ್ದೆಯಾಗಿತ್ತು. ಕಾಗದ ಇಲ್ಲದಿದ್ದರೆ ಅಕ್ಕಪಕ್ಕದ ಇಬ್ಬರು ಗಣ್ಯರು, ಇವರು ಇಪ್ಪತ್ತು ವರ್ಷದ ಹಿಂದಿನಿಂದ ಇಲ್ಲಿದ್ದಾರೆ ಎಂದು ಬರೆದುಕೊಟ್ಟರೂ ಆಗುತ್ತದೆ ಎಂದು ಪ್ರಾಧಿಕಾರದ ಕಚೇರಿಯಲ್ಲಿ ಹೇಳಿದ್ದರಂತೆ.

“ಆರು ಮನೆಗೆ ಫೋನ್ ಹಾಕಿಸಿದೆ ದೀದಿ, ಈ ಗಾರ್ಡಿನ ಹತ್ರ. ಎಲ್ರೂ ನಮಗೆ ನಿಮ್ಮ ಗುರುತೇ ಇಲ್ಲ ಅಂತಾರೆ,” ಎಂದಳು. “ಪಾಯ ತೋಡೋವಾಗ ಇವರ ಮೇಸ್ತ್ರಿಗಳಿಗೆ ಹಾರೆ ಗುದ್ದಲಿ ಚೂಪು ಮಾಡಿಕೊಟ್ಟವರು ನಾವು. ಬೇರೆಯವರಿಗೆ ಬಿಡಿ. ನೀವು ಬರೆದುಕೊಡ್ತೀರಿ ಅಲ್ವಾ?”

ಇಲ್ಲವಾದರೆ ಊರಾಚೆಯ ಬಯಲು. ಅಲ್ಲಿ ಯಾರು ತವಾ ಕೊಳ್ಳುತ್ತಾರೆ, ಮೊಮ್ಮಗಳ ಶಾಲೆ ಏನಾಗುತ್ತದೆ ಎಂದೂ ಹೇಳಿದಳು. ನಾನು ಸೊಪ್ಪಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ. ಗಾರ್ಡು ನೋಡುತ್ತಿದ್ದ. ಸಂಜೆಯೊಳಗೆ ಅಧ್ಯಕ್ಷರಿಗೆ ಸುದ್ದಿ ಹೋಗುತ್ತದೆ.

“ನಾನು ಯಾವ ವರ್ಷ ಬಂದೆನೋ ನನಗೆ ಸರಿಯಾಗಿ ನೆನಪಿಲ್ಲ,” ಎಂದೆ.

“ಅಚ್ಛಾ,” ಎಂದಳು ಆಕೆ. “ವಯಸ್ಸಾಯ್ತಲ್ಲ ದೀದಿ, ನಮಗೂ ಹಾಗೇ.” ಫಾರಂ ಮಡಚಿಕೊಂಡು ರಸ್ತೆ ದಾಟಿದಳು.

ಆ ವಾರ ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಕಡತದ ಒಂದು ಪ್ರತಿ ಊಟದ ಮೇಜಿನ ಮೇಲಿತ್ತು. ಗುರುಗ್ರಾಮದ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ರಜೆಯ ದಿನ ದೋಸೆ ತಿನ್ನುತ್ತ ಅದನ್ನು ಎಳೆದುಕೊಂಡು ಓದತೊಡಗಿದಳು. ಮೊದಲು ನಕ್ಕಳು, ಹನ್ನೊಂದನೇ ನಂಬರಿಗೆ ಬಂದು ನಗು ನಿಲ್ಲಿಸಿದಳು.

“ಅಮ್ಮಾ, ಯೇ ಕ್ಯಾ ಹೈ? ನೀನು ಸೀರಿಯಸ್ಲಿ ಸೈನ್ ಮಾಡಿದ್ಯಾ?”

“ಎಲ್ಲರೂ ಮಾಡಿದ್ರು ಕಣೇ.”

“ತಲೆನೋವು? ನಿಂಗೆ? ಕಬ್ ಸೇ? ಯಾವತ್ತಿಂದ?” ಮತ್ತೆ ಹಾಳೆ ತಿರುವಿದಳು. ಎರಡನೇ ಪುಟದ ನನ್ನ ಭಾಷಾಂತರಕ್ಕೂ ಜ್ಯೇಷ್ಠತಾ ಪಟ್ಟಿಗೂ ಎರಡು ಸಲ ಕಣ್ಣಾಡಿಸಿದಳು. “ಒಂದ್ ನಿಮಿಷ. ಅವ್ರಿಗೆ ಟ್ವೆಂಟಿ ಇಯರ್ಸ್ ಪ್ರೂಫ್ ಬೇಕು, ರೈಟ್? ನೀವು ಥರ್ಟಿ ಫೋರ್ ಜನ ಲಿಖ್ ಕೇ ದೇ ದಿಯಾ, ಬರ್ದೇ ಕೊಟ್ಟಿದ್ದೀರಾ! ನೋಟರಿ ಕೇ ಸಾಥ್! ಅಮ್ಮಾ, ಇದು ಅವರದೇ ಕೇಸ್ ಅಲ್ವಾ?”

ನಾನು ಕಾವಲಿಯ ಮೇಲೆ ಹಿಟ್ಟು ಹುಯ್ಯುವುದನ್ನು ನಿಲ್ಲಿಸಿದೆ. ಅವಳು ಹೇಳಿದ್ದು ಪೂರ್ತಿ ನಿಜವಾಗಿತ್ತು. ಆ ಕ್ಷಣದಲ್ಲಿ ನಾನು ರಸ್ತೆ ದಾಟಿ ಹೋಗಿ ಆಕೆಗೆ, ನಮ್ಮ ಕಡತದ ಪ್ರತಿ ಕೇಳು, ನಿನಗೆ ಬೇಕಾದದ್ದು ಅದರಲ್ಲಿದೆ ಎನ್ನಬಹುದಿತ್ತು. ಅಥವಾ ಅಧ್ಯಕ್ಷರ ಬಳಿ ಹೋಗಿ ಇದನ್ನು ಹಿಂತೆಗೆದುಕೊಳ್ಳಿ ಎನ್ನಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮಾಡದೇ ಇರುವುದನ್ನು ತಟಸ್ಥತೆ ಎಂದು ಕರೆದುಕೊಂಡೆ. ಹೇಡಿತನಕ್ಕೆ ಮರ್ಯಾದಸ್ಥ ಪದ ಹುಡುಕುವುದೇ ನನ್ನ ಮೂವತ್ತು ವರ್ಷದ ಕಸುಬು.

ವಿಚಾರಣೆ ಪ್ರಾಧಿಕಾರದ ಒಂದು ಹಳೆಯ ಸಭಾಂಗಣದಲ್ಲಿ ನಡೆಯಿತು. ನಮ್ಮವರು ಇಪ್ಪತ್ತು ಜನ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಮುಂದಿನ ಸಾಲಿನಲ್ಲಿ, ಅಲ್ಲೂ ಕ್ರಮಸಂಖ್ಯೆಯ ಪ್ರಕಾರ ಕೂತರು. ಲೋಹಾರರು ಹಿಂದೆ ನೆಲದ ಮೇಲೆ. ವಕೀಲರನ್ನು ಶೋಭೆಗೆಂದು ಕರೆಸಿದ್ದೆವು. ಅವರು ಕಡತವನ್ನು ಮೊದಲ ಸಲ ನೋಡಿದ್ದು ಒಳಗೆ ಹೋಗುವ ಮುಂಚೆ, ಹೊರಗಿನ ಕಾರಿಡಾರಿನಲ್ಲಿ. ನಾಲ್ಕು ಹಾಳೆ ಓದಿ ಮುಖ ಎತ್ತಿದರು.

“ಇದನ್ನ ಯಾರು ಬರೆದದ್ದು?”

“ನಾನೇ,” ಎಂದರು ಅಧ್ಯಕ್ಷರು, ಶಹಬ್ಬಾಸ್ ಎನ್ನಿಸಿಕೊಳ್ಳಲು ಕಾದವರಂತೆ.

ವಕೀಲರು ಏನೋ ಹೇಳುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಅಧಿಕಾರಿ ಚಿಕ್ಕ ವಯಸ್ಸಿನವನು. ಮೊದಲು ಲೋಹಾರರ ಕಡೆಗೆ ತಿರುಗಿ ಕಾಗದ ಕೇಳಿದ. ಆಕೆ ತಗಡಿನ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದಳು. ಅದರೊಳಗಿನ ಒಣಗಿದ ಮುದ್ದೆಯನ್ನು ಮೇಜಿನ ಮೇಲಿಟ್ಟಳು. ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದ. ಯಾರೂ ಬರಲಿಲ್ಲ ಸಾಬ್ ಎಂದಳು. ನಮ್ಮ ಸಾಲಿನಲ್ಲಿ ಒಬ್ಬರು ಸಂತೋಷದಿಂದ ಕೆಮ್ಮಿದರು. ಅಧಿಕಾರಿ ನಿಟ್ಟುಸಿರಿಟ್ಟು ನಮ್ಮ ಕಡತ ತೆರೆದ. ಓದಿದ. ಹಾಳೆ ತಿರುವಿದ. ನೆಟ್ಟಗೆ ಕೂತ.

“ಅಧ್ಯಕ್ಷರು ಯಾರು? ಈ ಕುಟುಂಬಗಳನ್ನ ಇಪ್ಪತ್ತೆಂಟು ವರ್ಷದಿಂದ ನೋಡ್ತಿದ್ದೀನಿ ಅಂತ ಬರೆದಿದ್ದೀರಿ. ನಿಜವೇ?”

“ನೂರಕ್ಕೆ ನೂರು ನಿಜ!”

ವಕೀಲರು ಅವರ ಕೋಟಿನ ತುದಿ ಜಗ್ಗಿದರು. ಅಧ್ಯಕ್ಷರು ಕೈ ಕೊಡವಿದರು.

“ಮಧ್ಯೆ ಎಲ್ಲಾದರೂ ಹೋಗಿ ಬಂದಿದ್ದಾರಾ?”

“ಎಲ್ಲಿಗೆ ಹೋಗ್ತಾರೆ ಸರ್! ಒಂದು ದಿನ ಬಿಟ್ಟಿಲ್ಲ, ಒಂದಡಿ ಕದಲಿಲ್ಲ. ಇವರೇ, ಇದೇ ಜನ. ನಾನು ಒಬ್ಬೊಬ್ಬರ ಮುಖ ಗುರುತಿಸಬಲ್ಲೆ.”

ಗಾರ್ಡು ಫೋನು ಮಾಡಿದಾಗ ಗುರುತೇ ಇಲ್ಲ ಎಂದ ಆರು ಮನೆಯವರಲ್ಲಿ ಅವರೂ ಒಬ್ಬರು. ಪ್ರಿನ್ಸಿಪಾಲ್ ಮೇಡಂ ತಡೆಯಲಾರದೆ ಎದ್ದು, ಫೋಟೊ ನೋಡಿ ಸರ್, ಲಗತ್ತು ಏಳು ಎಂದರು. ಅಧಿಕಾರಿ ಫೋಟೊವನ್ನು ಬೆಳಕಿಗೆ ಹಿಡಿದು, ಹಿಂದೆ ಕೂತಿದ್ದ ಆಕೆಯ ಮುಖ ನೋಡಿ, ಮತ್ತೆ ಫೋಟೊ ನೋಡಿದ. ಗುಮಾಸ್ತನಿಗೆ ಬರೆದುಕೋ ಎಂದ. ಹನ್ನೆರಡೂ ಕುಟುಂಬಗಳ ವಾಸ್ತವ್ಯಕ್ಕೆ ಮೂವತ್ತನಾಲ್ಕು ಪ್ರಮಾಣಿತ ಸಾಕ್ಷ್ಯಗಳಿವೆ, ಆಕ್ಷೇಪಣೆದಾರರೇ ಒದಗಿಸಿದ್ದಾರೆ. ನಮ್ಮವರಿಗೆ ಅರ್ಥವಾಗಲು ಇನ್ನೂ ಒಂದೆರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ಅಧಿಕಾರಿ ದಾಖಲೆಗಾಗಿ ಕೆಲವು ಅಫಿಡವಿಟ್ಟುಗಳನ್ನು ಗಟ್ಟಿಯಾಗಿ ಓದಿಸಿದ. ಗುಮಾಸ್ತ ಹನ್ನೊಂದನೆಯದನ್ನೂ ಓದಿದ. ‘ಇಪ್ಪತ್ತೆರಡು ವರ್ಷಗಳ ಹಿಂದೆ, ಗೃಹಪ್ರವೇಶದ ಮರುದಿನ ಬುಧವಾರ ಬೆಳಗ್ಗೆ, ಸದರಿ ಲೋಹಾರ ಕುಟುಂಬಗಳ ಮಹಿಳೆಯೊಬ್ಬರ ಬಳಿ ದೋಸೆ ಮಾಡುವ ತವಾ ಕೊಳ್ಳಲು ಹೋದಾಗ ಇವರನ್ನು ಮೊದಲು ಕಂಡೆನು. ಅಂದಿನಿಂದ ಸುತ್ತಿಗೆಯ ಸದ್ದಿನಿಂದ ನಿರಂತರ ತಲೆನೋವು ಅನುಭವಿಸುತ್ತಿದ್ದೇನೆ.’ ಭಾಷೆ ಅಚ್ಚುಕಟ್ಟಾಗಿತ್ತು, ಒಂದು ತಪ್ಪೂ ಇರಲಿಲ್ಲ.

ಹೊರಗೆ ಅಧ್ಯಕ್ಷರು ವಕೀಲರ ಮೇಲೆ ಕೂಗಾಡುತ್ತಿದ್ದರು. ಪ್ರಿನ್ಸಿಪಾಲ್ ಮೇಡಂ ಅಧ್ಯಕ್ಷರ ಮೇಲೆ ಕೂಗಾಡುತ್ತಿದ್ದರು. ಇಬ್ಬರೂ ಸೇರಿ, ಇದು ಟೈಪು ಮಾಡಿದ ಮೇಡಂ ಬೇಕೆಂದೇ ಮಾಡಿದ ಪಿತೂರಿ ಎಂದು ತೀರ್ಮಾನಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಗೌರವಕ್ಕೂ ನಾನು ಯೋಗ್ಯಳಾಗಿರಲಿಲ್ಲ. ಮೆಟ್ಟಿಲಿಳಿದು ಗೇಟಿನ ಕಡೆ ಹೊರಟೆ. ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಆಕೆ ನನ್ನ ಪಕ್ಕಕ್ಕೆ ಬಂದಳು.

“ಅವತ್ತು ನೆನಪಿಲ್ಲ ಅಂದ್ರಿ ದೀದಿ. ವಾರ ಸಮೇತ ಬರೆದಿದ್ದೀರಿ,” ಎಂದಳು.

ನಾನು ನೆಲ ನೋಡಿಕೊಂಡು ನಡೆದೆ. ಗೇಟಿನ ತನಕ ಆಕೆಯೂ ಜೊತೆಗೆ ಬಂದಳು. ಮತ್ತೆ ನಿಂತು, ಪೆಟ್ಟಿಗೆಯನ್ನು ಒಂದು ಕೈಯಿಂದ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

“ತಲೆನೋವು ಬರ್ತಿದೆ ಅಂತ ಒಂದು ಸಲ ಹೇಳಬಾರದಿತ್ತಾ? ನಿಮ್ಮ ಕಿಟಕಿಯಿಂದ ಆಚೆ ತುದಿಗೆ ಕಬ್ಬಿಣ ಬಡಿಯೋ ಅಡಿಗಲ್ಲು ಸರಿಸ್ತಿದ್ದೆ. ಇಪ್ಪತ್ತೆರಡು ವರ್ಷ ಸುಮ್ಮನೆ ಸಹಿಸಿಕೊಂಡ್ರಲ್ಲ.”

ಕುಹಕವೋ ಎಂದು ಅವಳ ಮುಖ ನೋಡಿದೆ. ಅಲ್ಲ. ನಿಜಕ್ಕೂ ನೊಂದುಕೊಂಡು ಕೇಳುತ್ತಿದ್ದಳು. ನನಗೆ ಒಂದು ದಿನವೂ ತಲೆನೋವು ಬಂದಿರಲಿಲ್ಲ ಎಂದು ಹೇಳಲು ಆಗಲೂ ನನಗೆ ಧೈರ್ಯ ಬರಲಿಲ್ಲ.